ಗ್ರಾಫೈಟ್ ನೆಕ್ ಬೇಸ್ ಮಾಡುವವರು ಇನ್ನೆಷ್ಟು ದಿನ ಇರ್ತಾರೆ?

ಕಡಲತಡಿ_ಬೇಸ್ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಮಾಡ್ಯುಲಸ್ ಕಂಪನಿಯ ಒಂದು ಕ್ವಾಂಟಮ್ ಬೇಸ್ ಗಿಟಾರ್ ಉಂಟು. ಐದು ತಂತಿ, 35 ಇಂಚು ಸ್ಕೇಲ್ (ತಂತಿಯ ನುಡಿಯುವ ಉದ್ದ), ನೆಕ್ (ತಂತಿ ಹಾಯುವ ಉದ್ದ ಕುತ್ತಿಗೆ) ಪೂರ್ತಿ ಕಾರ್ಬನ್ ಫೈಬರ್, ಅದಕ್ಕೇ ಗ್ರಾಫೈಟ್ ಅಂತ ಹೇಳುವುದು. ಅಮೆರಿಕದಿಂದ ಊರಿಗೆ ವಾಪಸಾದ ಒಬ್ಬರಿಂದ 2009ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡದ್ದು. ನಮ್ಮ ಮಳೆಗಾಲ ಹೇಗೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು. ನನ್ನ ಇನ್ನೊಂದು ಬೇಸ್‌ನದ್ದು ಮೇಪಲ್ ಮರದ ನೆಕ್. ಅದಕ್ಕೆ ಮಳೆ ಹಿಡಿದಾಗ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡುವ ಒಳಗಿನ ಲೋಹದ ಸಲಾಕೆ) ತಿರುಗಿಸಲೇಬೇಕು. ಈ ಕ್ವಾಂಟಮ್‌ನಲ್ಲಿ ಟ್ರಸ್ ರಾಡ್ ಅನ್ನುವುದೇ ಇಲ್ಲ, ಇಷ್ಟು ವರ್ಷದಲ್ಲಿ ಬೇಕು ಅಂತ ಅನ್ನಿಸಿದ್ದೂ ಇಲ್ಲ. ಬಾಕ್ಸಿನಿಂದ ತೆಗೆದರೆ ಹೋದ ವಾರ ಇಟ್ಟ ಆಕ್ಷನ್ (ನೆಕ್ಕಿನಿಂದ ತಂತಿಯ ಎತ್ತರ) ಹಾಗೆಯೇ ಇರ್ತದೆ.

ಈಗ ತಂಗಿಯ ಮಗ ಬೇಸ್ ಕಲೀತಿದ್ದಾನೆ. ಅವನಿಗೊಂದು ಗ್ರಾಫೈಟ್ ನೆಕ್ ಮಾಡಿಸಿ ಕೊಡುವ ಅಂತ ವಿದೇಶದ ಒಬ್ಬ ಸಣ್ಣ ತಯಾರಕರಿಗೆ ಬರೆದೆ, ಹೆಸರು ಬೇಡ. ಎರಡು ತಿಂಗಳ ಮೇಲೆ ಉತ್ತರ ಬಂತು. ಸದ್ಯಕ್ಕೆ ಹೊಸ ಆರ್ಡರ್ ಇಲ್ಲ, ಮುಂದೆ ತೆಗೆದುಕೊಳ್ಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ಅಂತ. ಓದಿ ತುಂಬಾ ಬೇಜಾರಾಯಿತು ಮಾರಾಯ್ರೆ. ಆರ್ಡರ್ ಹೋಯಿತು ಅನ್ನುವ ಬೇಜಾರಲ್ಲ. ಈ ಕೆಲಸ ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯ ಮಂದಿ, ಅವರ ನಂತರ ಏನು ಅಂತ. ತಿಳಿದವರು ಹೇಳಿ.

ಸ್ಲ್ಯಾಪ್_ಹುಡುಗ (ಮೈಸೂರು)

ಮಾಡ್ಯುಲಸ್ ಅಂದ್ರೆ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಬ್ಯಾಂಡಿನ ಫ್ಲೀ ನುಡಿಸ್ತಿದ್ದದ್ದು ತಾನೇ ಅಣ್ಣ? ಆ ಕಂಪನಿ ಈಗಲೂ ಇದ್ಯಾ?

ಕೊಲ್ಲಿಯ_ಕನ್ನಡಿಗ (ಸ್ಯಾನ್ ಹೋಸೆ)

ಹೌದು, 1990ರ ದಶಕದ ಕೊನೆಯಿಂದ ಹಲವು ವರ್ಷ ಅವರು ನುಡಿಸಿದ್ದು ಅದನ್ನೇ. ಅವರ ಹೆಸರಿನ ಮಾಡೆಲ್ಲೇ ಇತ್ತು. ಒಪ್ಪಂದ ಮುಗಿದ ಮೇಲೆ ಅದೇ ಬೇಸ್ ‘ಫಂಕ್ ಅನ್‌ಲಿಮಿಟೆಡ್’ ಆಯಿತು. ಕಂಪನಿ ಇದೆಯಾ ಅನ್ನೋದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳಕ್ಕಾಗಲ್ಲ, ಮೊದಲಿಂದ ಹೇಳ್ತೀನಿ. ನಾನಿರೋ ಊರಿನ ಅಕ್ಕಪಕ್ಕದಲ್ಲೇ ನಡೆದ ಕಥೆ ಇದು, ನನಗೆ ಬಹಳ ಪ್ರೀತಿ.

ಜೆಫ್ ಗೂಲ್ಡ್ ಅಂತ ಒಬ್ಬರು. ಪಾಲೊ ಆಲ್ಟೊದ ಏರೋಸ್ಪೇಸ್ ಕಂಪನಿಯೊಂದರಲ್ಲಿ ಕೆಲಸ, ಜೊತೆಗೆ ಬೇಸ್ ನುಡಿಸೋರು. 1974ರಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋದಾಗ ಅದರ ಬೇಸ್ ವಾದಕ ಫಿಲ್ ಲೆಶ್ ಅವರ ಬೇಸ್ ನೋಡಿದ್ರು. ಒಳಗೆ ಎಲೆಕ್ಟ್ರಾನಿಕ್ಸ್ ತುಂಬಿ ತುಂಬಿ ಅದು ವಿಪರೀತ ಭಾರವಾಗಿತ್ತು. ನಾವು ಉಪಗ್ರಹಕ್ಕೆ ಬಳಸೋ ಕಾರ್ಬನ್ ಫೈಬರ್‌ನಲ್ಲೇ ಇದನ್ನ ಯಾಕೆ ಮಾಡಬಾರದು ಅನ್ನೋ ಯೋಚನೆ ಅಲ್ಲಿ ಹುಟ್ಟಿತು. ಅದನ್ನ ಅಲೆಂಬಿಕ್ ಕಂಪನಿಯ ರಿಕ್ ಟರ್ನರ್ ಹತ್ತಿರ ತಗೊಂಡು ಹೋದ್ರು. 1977ರಲ್ಲಿ ಗ್ರಾಫೈಟ್ ನೆಕ್ಕಿನ ಮೊದಲ ಅಲೆಂಬಿಕ್ ಬೇಸ್ ಹೊರಬಂತು, ಕೊಂಡವರು ಫ್ಲೀಟ್‌ವುಡ್ ಮ್ಯಾಕ್‌ನ ಜಾನ್ ಮೆಕ್‌ವೀ. ಮರುವರ್ಷ ಗೂಲ್ಡ್ ಮತ್ತು ಜೊತೆಗಾರರು ‘ಮಾಡ್ಯುಲಸ್ ಗ್ರಾಫೈಟ್’ ಶುರು ಮಾಡಿದ್ರು. ಎಂಜಿನಿಯರಿಂಗ್ ಓದಿದವರಿಗೆ ಆ ಹೆಸರು ಎಲ್ಲಿಂದ ಬಂತು ಅಂತ ತಕ್ಷಣ ಗೊತ್ತಾಗುತ್ತೆ, ಯಂಗ್ಸ್ ಮಾಡ್ಯುಲಸ್, ಅಂದ್ರೆ ಒಂದು ವಸ್ತು ಎಳೆತಕ್ಕೆ ಎಷ್ಟು ಬಗ್ಗದೆ ನಿಲ್ಲುತ್ತೆ ಅನ್ನೋ ಅಳತೆ.

1995ರಲ್ಲಿ ಗೂಲ್ಡ್ ಹೊರಬಂದು ತಮ್ಮ ಹೆಸರಿನಲ್ಲೇ ಬೇರೆ ಅಂಗಡಿ ಇಟ್ಟರು. ಮಾಡ್ಯುಲಸ್ ಅವರಿಲ್ಲದೆ ನಡೀತು, ಫ್ಲೀ ಕಾಲದಲ್ಲಿ ಚೆನ್ನಾಗಿಯೇ ನಡೀತು. 2013ರ ಹೊತ್ತಿಗೆ ಬಾಗಿಲು ಹಾಕಿತು. ಆಮೇಲೆ ಬೇರೆಯವರ ಕೈಯಲ್ಲಿ ಆ ಹೆಸರು ಮತ್ತೆ ಬಂತು, ಸಣ್ಣ ಪ್ರಮಾಣದಲ್ಲಿ. ರಿಕ್ ಟರ್ನರ್ 2022ರಲ್ಲಿ ತೀರಿಕೊಂಡರು, ಫಿಲ್ ಲೆಶ್ 2024ರಲ್ಲಿ. ಒಬ್ಬ ಯೋಚಿಸಿದವನು, ಒಬ್ಬ ಕಟ್ಟಿದವನು, ಒಬ್ಬ ನುಡಿಸಿದವನು ಸೇರಿ ಹುಟ್ಟಿಸಿದ ವಾದ್ಯ. ಆ ತಲೆಮಾರು ಈಗ ಒಬ್ಬೊಬ್ಬರಾಗಿ ಎದ್ದು ಹೋಗ್ತಿದೆ.

ಕಟ್ಟಿಗೀನ_ಸೈ (ಧಾರವಾಡ)

ಸರ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಾ ಹುಟ್ಟಿದ್ದು ಸಿತಾರ, ತಂಬೂರಿ ನಡುವ. ಮಿರಜದಿಂದ ಬಂದ ಕುಂಬಳದ ತಂಬೂರಿ ನಮ್ಮ ಮನ್ಯಾಗ ಅದ, ಅಜ್ಜಾರ ಕಾಲದ್ದು. ಅದು ವರ್ಷಾ ವರ್ಷಾ ಹಣ್ಣಾಗ್ತದ, ನಾದ ತುಂಬ್ಕೊಂತದ. ಕಾರ್ಬನ್ ಅನ್ನೋದು ಹಣ್ಣಾಗೂದಿಲ್ಲ, ಬಂದ ದಿನ ಹೆಂಗ ಇತ್ತೋ ನಲವತ್ತು ವರ್ಷಕ್ಕೂ ಹಂಗ. ಇದ ಕಾರಣಕ್ಕ ಮಂದಿ ಕಟ್ಟಿಗಿಗೆ ಹೊಳ್ಳಿ ಬಂದ್ರು ಅಂತ ನನ್ನ ಅಭಿಪ್ರಾಯ. ಕಂಪನಿ ಮುಚ್ಚಿದ್ದಕ್ಕ ದುಃಖ ಅದ, ಆದ್ರ ಕೇಳೋವ್ರ ಕಿವಿ ಏನ್ ಹೇಳ್ತು ಅನ್ನೋದೂ ಲೆಕ್ಕಕ್ಕ ಬರಬೇಕಲ್ರಿ?

ಕಡಲತಡಿ_ಬೇಸ್ (ಮಂಗಳೂರು)

ತಪ್ಪೇನಿಲ್ಲ, ಸರಿಯಾದ ಪ್ರಶ್ನೆಯೇ. ನನ್ನ ಅನುಭವ ಹೇಳ್ತೇನೆ. ನನ್ನ ಮೇಪಲ್ ಬೇಸ್‌ನಲ್ಲಿ ಜಿ ತಂತಿಯ 5, 6ನೇ ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಪಟ್ಟಿ) ಹತ್ರ ಒಂದು ಸತ್ತ ಜಾಗ ಉಂಟು. ಮೀಟಿದರೆ ಸ್ವರ ಹುಟ್ಟಿದ ಹಾಗೆಯೇ ಅಡಗಿ ಹೋಗ್ತದೆ. ಇದು ನನ್ನೊಬ್ಬನ ಕಥೆ ಅಲ್ಲ, ಆ ಮಾದರಿಯ ಹೆಚ್ಚಿನ ಬೇಸ್‌ಗಳಲ್ಲಿ ಸುಮಾರು ಅದೇ ಜಾಗದಲ್ಲಿ ಇರ್ತದೆ. ಅಲ್ಲಿ ನೆಕ್ ಸ್ವತಃ ಅದುರಿ ತಂತಿಯ ಶಕ್ತಿಯನ್ನು ನುಂಗುವುದು. ಕ್ವಾಂಟಮ್‌ನಲ್ಲಿ ಅಂಥ ಜಾಗ ನನಗೆ ಸಿಗಲಿಲ್ಲ. ಕೆಳಗಿನ ಬಿ ತಂತಿ ತೆರೆದು ಬಿಟ್ಟರೆ ಪಿಯಾನೋದ ಮಂದ್ರದ ಹಾಗೆ ನಿಲ್ತದೆ. ನಿಮ್ಮ ತಂಬೂರಿಗೆ ಹಣ್ಣಾಗುವ ಗುಣ ಬೇಕು, ಒಪ್ಪಿದೆ. ಕಲ್ಯಾಣ ಮಂಟಪದಲ್ಲಿ, ಚರ್ಚ್ ಮೈದಾನದಲ್ಲಿ, ಸಮುದ್ರದ ಉಪ್ಪು ಗಾಳಿಯಲ್ಲಿ ನಾಲ್ಕು ಗಂಟೆ ನುಡಿಸುವ ನನಗೆ ಬೇಕಾದದ್ದು ಬದಲಾಗದೇ ಇರುವ ಗುಣ.

ಕಟ್ಟಿಗೀನ_ಸೈ (ಧಾರವಾಡ)

ಬಿ ತಂತಿ ಮಾತು ಒಪ್ಪಿದೆ. ಮೈಕಲ್ ಮ್ಯಾನ್ರಿಂಗ್ ಝಾನ್ ಕಂಪನಿಯ ಹೈಪರ್‌ಬೇಸ್ ಮ್ಯಾಲ ನುಡಿಸಿದ್ದು ಕೇಳೀನಿ. ನುಡಿಸ್ತಾ ನುಡಿಸ್ತಾ ತಂತಿಗಳ ಶ್ರುತಿ ಬದಲ ಮಾಡ್ತಾರ, ಎಳೆತ ಏರ್ತದ ಇಳಿತದ, ನೆಕ್ ಅಲುಗಂಗಿಲ್ಲ. ಕಟ್ಟಿಗೀಲೆ ಅದು ಆಗೂದು ಕಷ್ಟ. ಅಲ್ಲಿ ನಾ ಸೋತೆ.

ಪ್ರಿಪ್ರೆಗ್_60 (ಬೆಂಗಳೂರು)

ನಾನು ವಾದ್ಯ ನುಡಿಸುವವನಲ್ಲ, ಮಗಳು ಗಿಟಾರ್ ನುಡಿಸುತ್ತಾಳೆ, ಅವಳೇ ಈ ಚರ್ಚೆ ತೋರಿಸಿದಳು. 31 ವರ್ಷ ವಿಮಾನದ ಕಾಂಪೋಸಿಟ್ (ಎಳೆ ಮತ್ತು ಅಂಟು ಸೇರಿದ) ಭಾಗಗಳ ಲೇ-ಅಪ್, ಅಂದರೆ ಪದರ ಹಾಸುವ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ತೇಜಸ್ ವಿಮಾನದ ಏರ್‌ಫ್ರೇಮಿನ ತೂಕದಲ್ಲಿ 45% ಕಾರ್ಬನ್ ಕಾಂಪೋಸಿಟ್. ಹಾಗಾಗಿ ಈ ವಸ್ತು ನಮ್ಮ ಊರಿಗೆ ಹೊಸದೇನಲ್ಲ.

ಒಂದು ನೆಕ್ ಮಾಡುವುದರಲ್ಲಿ ಕಷ್ಟ ಎಲ್ಲಿದೆ ಎಂದು ಹೇಳುತ್ತೇನೆ. ಗಡಸು ಮೇಪಲ್ ಮರದ ಯಂಗ್ಸ್ ಮಾಡ್ಯುಲಸ್ ಸುಮಾರು 12 ಗಿಗಾಪಾಸ್ಕಲ್. ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಹಾಸಿದ ಕಾರ್ಬನ್-ಎಪಾಕ್ಸಿಯದ್ದು 130ರ ಆಸುಪಾಸು, ಆ ದಿಕ್ಕಿನಲ್ಲಿ ಮಾತ್ರ. ಅಡ್ಡ ದಿಕ್ಕಿನಲ್ಲಿ ಅದು 10ಕ್ಕೂ ಬರುವುದಿಲ್ಲ. ಆದ್ದರಿಂದ ಉದ್ದಕ್ಕೆ ಎಷ್ಟು ಪದರ, ತಿರುಚದಂತೆ 45 ಡಿಗ್ರಿಗೆ ಎಷ್ಟು ಪದರ, ಯಾವುದರ ಮೇಲೆ ಯಾವುದು ಎಂಬುದೇ ವಿದ್ಯೆ. ಪದರಗಳ ಜೋಡಣೆ ಸಮತೋಲ ತಪ್ಪಿದರೆ ಒಲೆಯಿಂದ ತೆಗೆದು ತಣ್ಣಗಾಗುವಾಗ ತುಂಡು ತಾನಾಗಿಯೇ ಬಾಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ.

ವಿಮಾನದ ರೆಕ್ಕೆಯ ಚರ್ಮವಾದರೆ ತುಸು ವ್ಯತ್ಯಾಸವನ್ನು ಜೋಡಿಸುವಾಗ ಶಿಮ್ (ಸಂದು ತುಂಬುವ ತೆಳು ಪಟ್ಟಿ) ಹಾಕಿ ಸರಿ ಮಾಡಬಹುದು. ಇಲ್ಲಿ ಆ ಅವಕಾಶವಿಲ್ಲ. ಐದು ತಂತಿಗಳ ಒಟ್ಟು ಎಳೆತ ಸುಮಾರು 90 ಕಿಲೋ. ಅಷ್ಟು ಎಳೆತಕ್ಕೆ ನೆಕ್ ಎಷ್ಟು ಮುಂದಕ್ಕೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಮಿಲಿಮೀಟರಿನ ಕಾಲು ಭಾಗದ ಮಟ್ಟದಲ್ಲಿ ಅಚ್ಚಿನೊಳಗೇ ಅದನ್ನು ಕೂಡಿಸಬೇಕು. ಟ್ರಸ್ ರಾಡ್ ಇಲ್ಲ ಎಂದರೆ ಆಮೇಲೆ ತಿದ್ದುವ ದಾರಿ ಇಲ್ಲ. ಆ ಅಂಕಿ ಡ್ರಾಯಿಂಗ್ ಹಾಳೆಯಲ್ಲಿ ಇರುವುದಿಲ್ಲ. ಹತ್ತು ನೆಕ್ ಹಾಳಾದ ಮೇಲೆ ಹನ್ನೊಂದನೆಯದರಲ್ಲಿ ಕೈಗೆ ಸಿಗುತ್ತದೆ, ಆ ಕೈಯವರಲ್ಲೇ ಉಳಿಯುತ್ತದೆ. ಕಡಲತಡಿಯವರಿಗೆ ಬಂದ ಉತ್ತರವನ್ನು ನಾನು ಹಾಗೆಯೇ ಓದಿಕೊಂಡೆ. ಆ ಮನುಷ್ಯ ಒಬ್ಬನೇ ಇದ್ದಾನೆ, ಮುಂದಿನವನು ಬಂದಿಲ್ಲ.

ಸ್ಲ್ಯಾಪ್_ಹುಡುಗ (ಮೈಸೂರು)

ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಒಂದು ಡೌಟು. ದೊಡ್ಡ ಕಂಪನಿ ಇಂಥದ್ದನ್ನ ಕೊಂಡುಕೊಂಡ್ರೆ ಉಳಿಯಲ್ವಾ? ದುಡ್ಡಿರತ್ತೆ, ಜನ ಇರ್ತಾರೆ.

ಕೊಲ್ಲಿಯ_ಕನ್ನಡಿಗ (ಸ್ಯಾನ್ ಹೋಸೆ)

ಅದೂ ಆಗಿದೆ ತಮ್ಮ. ನೆಡ್ ಸ್ಟೈನ್‌ಬರ್ಗರ್ 1980ರ ಆಸುಪಾಸಿನಲ್ಲಿ ಎಲ್2 ಬೇಸ್ ತಂದ್ರು. ತಲೆ ಇಲ್ಲ, ಪುಟ್ಟ ಪೆಟ್ಟಿಗೆಯಂಥ ಮೈ, ಮೈ-ನೆಕ್ ಎರಡೂ ಕಾಂಪೋಸಿಟ್. ಗೆಡ್ಡಿ ಲೀ, ಸ್ಟಿಂಗ್, ಟೋನಿ ಲೆವಿನ್ ಎಲ್ಲರೂ ನುಡಿಸಿದ್ರು. ಆ ದಶಕದ ಉತ್ತರಾರ್ಧದಲ್ಲಿ ಗಿಬ್ಸನ್ ಕಂಪನಿ ಅದನ್ನ ಕೊಂಡಿತು. 1990ರ ದಶಕ ಮುಗಿಯೋ ಹೊತ್ತಿಗೆ ಆ ಕಾಂಪೋಸಿಟ್ ಬೇಸ್ ತಯಾರಿಕೆ ನಿಂತೇ ಹೋಯಿತು. ಆಮೇಲೆ ಅದೇ ಹೆಸರಲ್ಲಿ ಮಾರಾಟವಾದದ್ದು ಮರದ ನೆಕ್ಕಿನ, ಕಡಿಮೆ ಬೆಲೆಯ ಹೆಡ್‌ಲೆಸ್ ಬೇಸ್. ಆಕಾರ ಅದೇ, ಒಳಗಿನ ವಸ್ತು ಬೇರೆ.

ಇನ್ನೊಂದು ಸಣ್ಣ ವಿಷಯ, ಆದ್ರೆ ಇಟ್ಕೊಂಡಿರೋರಿಗೆ ದೊಡ್ಡದು. ಆ ಬೇಸ್‌ಗೆ ಎರಡೂ ತುದಿಯಲ್ಲಿ ಗುಂಡು ಇರೋ ತಂತಿನೇ ಬೇಕು. ಇವತ್ತಿಗೂ ಲಾ ಬೆಲ್ಲಾ ಥರದ ತಂತಿ ಕಂಪನಿಗಳು ಮಾಡ್ತಿವೆ, ಅದರಿಂದ ಆ ಬೇಸ್‌ಗಳು ಜೀವಂತ ಇವೆ. ಆ ತಂತಿ ನಿಂತ ದಿನ ಅಡಾಪ್ಟರ್ ಹುಡುಕಬೇಕು. ಒಂದು ವಾದ್ಯ ಬದುಕಬೇಕು ಅಂದ್ರೆ ಅದನ್ನ ಮಾಡಿದವನೊಬ್ಬ ಸಾಲದು.

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ರಾಬ್ ಗ್ರೀನ್ ಕಟ್ಟಿದ ಸ್ಟೇಟಸ್, ಅಮೆರಿಕದಲ್ಲಿ ಜೋ ಝಾನ್ 1981ರಲ್ಲಿ ಆರಂಭಿಸಿದ ಝಾನ್, ಇವೆರಡೂ ಒಬ್ಬ ವ್ಯಕ್ತಿಯ ಸುತ್ತ ಬೆಳೆದವು. ಲೆವೆಲ್ 42 ಬ್ಯಾಂಡಿನ ಮಾರ್ಕ್ ಕಿಂಗ್ ಹೆಬ್ಬೆರಳಿನ ಸದ್ದು ಕೇಳಿದವರಿಗೆ ಸ್ಟೇಟಸ್ ಅಂದ್ರೇನು ಅಂತ ಹೇಳಬೇಕಾಗಿಲ್ಲ. ದೊಡ್ಡ ಕಂಪನಿ ಕೊಂಡ್ರೆ ಹೀಗೆ, ಒಬ್ಬನ ಕೈಯಲ್ಲೇ ಉಳಿದ್ರೆ ಅವನ ವಯಸ್ಸಿನ ಚಿಂತೆ. ನನಗಂತೂ ಎರಡನೆಯದೇ ವಾಸಿ ಅನ್ಸುತ್ತೆ. ಕೊನೆ ದಿನದ ತನಕ ಬರೋದು ಅಸಲಿ ವಸ್ತುವಾದ್ರೂ ಆಗಿರುತ್ತೆ.

ಫ್ರೆಟ್‌ಮನೆ (ಬೆಂಗಳೂರು)

ನಾನು ಹದಿನಾಲ್ಕು ವರ್ಷದಿಂದ ಗಿಟಾರ್ ರಿಪೇರಿ ಮಾಡ್ತಿದ್ದೀನಿ. ಗ್ರಾಫೈಟ್ ನೆಕ್ಕಿನವು ನನ್ನ ಮೇಜಿಗೆ ಬಂದದ್ದು ಒಟ್ಟು ಏಳು. ಅದರಲ್ಲಿ ಐದಕ್ಕೆ ತಂತಿ ಬದಲಿಸಿ ಒರೆಸಿ ಕೊಟ್ಟೆ, ಅಷ್ಟೇ ಕೆಲಸ. ಉಳಿದ ಎರಡು ನನ್ನ ನಿದ್ದೆ ಕೆಡಿಸಿದವು, ಅದರಲ್ಲಿ ಒಂದರ ಕಥೆಯಾದ್ರೂ ಹೇಳಲೇಬೇಕು.

ಅದರ ನೆಕ್ ಸ್ವಲ್ಪ ಹಿಂದಕ್ಕೆ ಬಾಗಿತ್ತು, ಮೊದಲ ಫ್ರೆಟ್‌ಗಳಲ್ಲೆಲ್ಲ ಬಝ್. ಮರದ ನೆಕ್ ಆಗಿದ್ರೆ ಟ್ರಸ್ ರಾಡ್ ಕಾಲು ಸುತ್ತು ಸಡಿಲ ಮಾಡಿದ್ರೆ ಮುಗೀತಿತ್ತು. ಇಲ್ಲಿ ಎಲ್ಲಾ ಫ್ರೆಟ್ ಕಿತ್ತು, ಫಿಂಗರ್‌ಬೋರ್ಡನ್ನೇ ಉಜ್ಜಿ ತಗ್ಗು ಮಾಡಿ, ಹೊಸ ಫ್ರೆಟ್ ಕೂರಿಸಬೇಕಾಯ್ತು. ಫಿಂಗರ್‌ಬೋರ್ಡ್ (ಫ್ರೆಟ್ ಕೂರೋ ಹಲಗೆ) ಮರದ್ದಲ್ಲ, ಫೀನಾಲಿಕ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಫ್ರೆಟ್ ಕೀಳುವಾಗ ಅಂಚು ಚಕ್ಕೆ ಏಳತ್ತೆ, ಕಾವು ಕೊಟ್ಟು ನಿಧಾನಕ್ಕೆ ತೆಗೀಬೇಕು. ಮೂರು ದಿನ ಹಿಡೀತು. ಕಾರ್ಬನ್ ಧೂಳು ಬೇರೆ ಮೈಯೆಲ್ಲಾ ಚುಚ್ಚತ್ತೆ, ಮಾಸ್ಕ್ ಇಲ್ಲದೆ ಮುಟ್ಟೋ ಹಾಗಿಲ್ಲ. ಮಾಡ್ಯುಲಸ್‌ನವರೇ 90ರ ದಶಕದ ಮಧ್ಯದಿಂದ ನೆಕ್ಕಿಗೆ ಟ್ರಸ್ ರಾಡ್ ಸೇರಿಸಿದ್ದು ಸುಮ್ಮನೆ ಅಲ್ಲ.

ಕಡಲತಡಿಯವರೇ, ನಿಮ್ಮದು ಅದೃಷ್ಟದ ನೆಕ್. ಫ್ರೆಟ್ ಎಷ್ಟು ಸವೆದಿದೆ ನೋಡಿದ್ದೀರಾ? ಸ್ಟೀಲ್ ತಂತಿ ಹಾಕ್ತಿದ್ರೆ ನಿಕಲ್‌ಗೆ ಬನ್ನಿ. ಮಾಡಿದವರ ಅಂಗಡಿ ಇಲ್ಲದ ಕಾಲದಲ್ಲಿ ಫ್ರೆಟ್ ಉಳಿಸಿಕೊಳ್ಳೋದೇ ಮೊದಲ ಕೆಲಸ.

ಬೀಟೆ_ನೆರಳು (ಕೊಪ್ಪ)

ಫಿಂಗರ್‌ಬೋರ್ಡ್ ಮಾತು ಬಂತಲ್ಲ, ಅದಕ್ಕೇ ಬರೀತಿದ್ದೇನೆ. ಜಗತ್ತಿನ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ ‘ಇಂಡಿಯನ್ ರೋಸ್‌ವುಡ್’, ಅಂದರೆ ನಮ್ಮ ಬೀಟೆ. ನಮ್ಮ ತೋಟದ ಅಂಚಿನಲ್ಲಿ ಅಜ್ಜನ ಕಾಲದ ಎರಡು ಮರ ಇವೆ, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಂದು ಕೊಂಬೆಯನ್ನೂ ಮುಟ್ಟುವಂತಿಲ್ಲ. 2017ರ ಜನವರಿಯಲ್ಲಿ ಆ ಜಾತಿಯ ಮರಗಳೆಲ್ಲ ಸೈಟೀಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿ, ಮಾರಾಟಕ್ಕೆ ಒಂದು ಗಿಟಾರ್ ಗಡಿ ದಾಟಬೇಕೆಂದರೂ ಕಾಗದಪತ್ರ ಬೇಕಾಯಿತು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಎರಡು-ಮೂರು ವರ್ಷ ಗ್ರಾಫೈಟ್ ತಯಾರಕರಿಗೆ ಒಳ್ಳೆಯ ಕಾಲ ಬರುತ್ತದೆ ಅಂದುಕೊಂಡಿದ್ದೆ. ಬೀಟೆಗೆ ನೂರು ವರ್ಷ ಬೇಕು, ಇವರಿಗೆ ಒಂದು ಅಚ್ಚು ಸಾಕಲ್ಲ ಎಂದು. ಯಾಕೆ ಹಾಗಾಗಲಿಲ್ಲ?

ಪ್ರಿಪ್ರೆಗ್_60 (ಬೆಂಗಳೂರು)

ಅಚ್ಚು ಸಾಕು ಎಂದಿರಲ್ಲ ಅಮ್ಮ, ತೊಡಕು ಅಲ್ಲೇ ಇದೆ. ಒಂದಲ್ಲ, ಹಲವು ಬೇಕು. ನಾಲ್ಕು ತಂತಿಗೆ ಒಂದು, ಐದಕ್ಕೆ ಒಂದು, ಆರಕ್ಕೆ ಇನ್ನೊಂದು. 34 ಇಂಚಿಗೆ ಬೇರೆ, 35ಕ್ಕೆ ಬೇರೆ. ಬಡಗಿಯಾದರೆ ಗಿರಾಕಿಯ ಕೈ ನೋಡಿ ನೆಕ್ಕಿನ ಹಿಂಬದಿಯನ್ನು ಎರಡು ಸಲ ಹೆಚ್ಚು ತೋಪಡಾ ಹೊಡೆಯುತ್ತಾನೆ. ಅಚ್ಚಿಗೆ ಅದು ಆಗುವುದಿಲ್ಲ. ಈಗ 30 ಇಂಚಿನ ಗಿಡ್ಡ ಸ್ಕೇಲ್, ಓರೆ ಫ್ರೆಟ್ಟಿನ ಬೇಸ್ ಎಲ್ಲಕ್ಕೂ ಬೇಡಿಕೆ ಇದೆ ಎಂದು ಮಗಳು ಹೇಳುತ್ತಾಳೆ. ಬೇಡಿಕೆ ಬದಲಾದಾಗಲೆಲ್ಲ ಹೊಸ ಅಚ್ಚು, ಹೊಸ ಲೆಕ್ಕ, ಮತ್ತೆ ಹತ್ತು ಹಾಳಾದ ನೆಕ್.

ಇನ್ನು ಕಚ್ಚಾ ವಸ್ತು. ಅಂಟು ಸೇರಿಸಿದ ಕಾರ್ಬನ್ ಹಾಳೆ, ನಾವು ಪ್ರಿಪ್ರೆಗ್ ಎನ್ನುತ್ತೇವೆ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇರಬೇಕು. ಅಲ್ಲಿಟ್ಟರೂ ಸುಮಾರು ಒಂದು ವರ್ಷ, ಹೊರಗೆ ತೆಗೆದರೆ ವಾರಗಳ ಲೆಕ್ಕ. ಮರವನ್ನು ಅಟ್ಟದಲ್ಲಿಟ್ಟರೆ ಹತ್ತು ವರ್ಷಕ್ಕೆ ಇನ್ನೂ ಚೆನ್ನಾಗುತ್ತದೆ. ವರ್ಷಕ್ಕೆ ಕೆಲವೇ ಡಜನ್ ನೆಕ್ ಮಾಡುವವನು ರೋಲ್‌ಗಟ್ಟಲೆ ಕೊಳ್ಳಬೇಕು, ಉಳಿದದ್ದು ಫ್ರೀಜರಿನಲ್ಲೇ ಸಾಯುತ್ತದೆ. ಅವನ ಜೊತೆ ಅದೇ ಸಾಲಿನಲ್ಲಿ ನಿಂತ ಗಿರಾಕಿಗಳು ವಿಮಾನ ಕಂಪನಿಗಳು.

ಫ್ರೆಟ್‌ಮನೆ (ಬೆಂಗಳೂರು)

ನಾನೊಂದು ಕಾರಣ ಸೇರಿಸ್ತೀನಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಇವತ್ತು ಒಳ್ಳೆ ಮೇಪಲ್ ನೆಕ್ಕಿನೊಳಗೆ ಟ್ರಸ್ ರಾಡ್‌ನ ಎರಡೂ ಪಕ್ಕ ಒಂದೊಂದು ಕಾರ್ಬನ್ ಪಟ್ಟಿ ಕೂರಿಸ್ತಾರೆ. ಖರ್ಚು ಕಡಿಮೆ, ಯಾವ ಬಡಗಿ ಬೇಕಾದ್ರೂ ಮಾಡಬಹುದು. ಗ್ರಾಫೈಟ್ ನೆಕ್‌ನ ಸ್ಥಿರತೆಯಲ್ಲಿ ದೊಡ್ಡ ಪಾಲು ಅದರಲ್ಲೇ ಸಿಗತ್ತೆ, ಮರದ ಸದ್ದೂ ಉಳಿಯತ್ತೆ. ಫ್ರಾನ್ಸಿನ ವಿಜಿಯೆ ಬಹಳ ಹಿಂದೆಯೇ 90% ಮರ, 10% ಕಾರ್ಬನ್ ಅಂತ ಟ್ರಸ್ ರಾಡ್ ಇಲ್ಲದ ನೆಕ್ ಮಾಡಿ ತೋರಿಸಿದ್ರು. ಗೂಲ್ಡ್ ಮತ್ತು ಟರ್ನರ್ ಜಗತ್ತಿಗೆ ಕಲಿಸಿದ ಪಾಠವನ್ನ ಎಲ್ಲರೂ ಅಷ್ಟಿಷ್ಟು ತಗೊಂಡ್ರು, ಪೂರ್ತಿ ತಗೊಂಡವರಿಗೆ ಗಿರಾಕಿ ಕಡಿಮೆಯಾದ್ರು. ಇದನ್ನ ಹೇಳೋಕೆ ನನಗೆ ಸಂಕಟ ಆಗತ್ತೆ. ಯಾಕಂದ್ರೆ ಪಟ್ಟಿ ಹಾಕಿದ ನೆಕ್ ಒಳ್ಳೇದೇ, ಆದ್ರೆ ಮೇಲೆ ಹೇಳಿದ ಆ ಬಿ ತಂತಿ ಅದರಲ್ಲಿ ಬರಲ್ಲ.

ಸ್ಲ್ಯಾಪ್_ಹುಡುಗ (ಮೈಸೂರು)

ಹಾಗಾದ್ರೆ ಬೆಂಗಳೂರಲ್ಲೇ ಮಾಡಬಹುದಲ್ವಾ? ಗೂಲ್ಡ್ ಏರೋಸ್ಪೇಸ್‌ನವರು, ಪ್ರಿಪ್ರೆಗ್ ಸರ್ ಕೂಡ. ಫ್ರೆಟ್‌ಮನೆ ಅಕ್ಕ ಫ್ರೆಟ್ ಹಾಕ್ತಾರೆ.

ಪ್ರಿಪ್ರೆಗ್_60 (ಬೆಂಗಳೂರು)

ನಿನ್ನ ಉತ್ಸಾಹ ಸಂತೋಷ ಕೊಟ್ಟಿತು ಮಗು. ಒಂದು ನೆಕ್ ಮಾಡಬಹುದು. ಮೊದಲನೆಯದು ಬಾಗುತ್ತದೆ, ಅದು ಗೊತ್ತಿದ್ದೇ ಮಾಡಬೇಕು. ಅಂಗಡಿ ಇಟ್ಟು ಮಾರುವುದು ನನ್ನ ವಯಸ್ಸಿಗೆ ಆಗದು, ಆ ಆಸೆಯನ್ನು ನಾನು ಯಾರಲ್ಲೂ ಹುಟ್ಟಿಸುವುದಿಲ್ಲ. ಆದರೆ ಮೂರು ದಿನದಿಂದ ಇದೇ ಯೋಚನೆ. ಒಳ್ಳೆಯ ನೆಕ್ ಒಂದು ಎಳೆತದಲ್ಲಿ ಎಷ್ಟು ಬಾಗುತ್ತದೆ, ತಂತಿ ತೆಗೆದರೆ ಎಷ್ಟು ಹಿಂದಕ್ಕೆ ಹೋಗುತ್ತದೆ, ಹಿಂಬದಿಯ ಆಕಾರ ಎಲ್ಲೆಲ್ಲಿ ಎಷ್ಟು ದಪ್ಪ ಎಂದು ಯಾರಾದರೂ ಅಳೆದು ಬರೆದಿಟ್ಟರೆ, ಮುಂದೆ ಕಲಿಯುವವನಿಗೆ ಆ ಹತ್ತು ಹಾಳು ನೆಕ್‌ಗಳಲ್ಲಿ ಆರಾದರೂ ಉಳಿಯುತ್ತವೆ. ಕಡಲತಡಿಯವರೇ, ನಿಮ್ಮ ಬೇಸನ್ನು ಒಂದು ದಿನ ನೋಡಲು ಕೊಡುತ್ತೀರಾ? ಬಿಚ್ಚುವುದಿಲ್ಲ, ಕೊರೆಯುವುದಿಲ್ಲ.

ಕಡಲತಡಿ_ಬೇಸ್ (ಮಂಗಳೂರು)

ಕೊಡ್ತೇನೆ ಸರ್. ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬರುವುದುಂಟು. ಫ್ರೆಟ್‌ಮನೆ ಅಕ್ಕನ ಅಂಗಡಿಗೇ ತರ್ತೇನೆ, ಫ್ರೆಟ್ಟೂ ನೋಡಿದ ಹಾಗಾಯಿತು. ತಂಗಿಯ ಮಗನೂ ಬರ್ತಾನೆ, ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದ್ದಾನೆ.

ಫ್ರೆಟ್‌ಮನೆ (ಬೆಂಗಳೂರು)

ಬನ್ನಿ. ಅಲ್ಲಿಯ ತನಕ ಒಂದು ಕೆಲಸ ಮಾಡಿ. ಮೊದಲ ಫ್ರೆಟ್‌ಗೆ ಕೇಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, 7ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿಗಳು) ತೂರಿಸಿ ಅಳೀರಿ. ಎರಡೂ ಬೇಸ್‌ಗೆ, ಬೆಳಿಗ್ಗೆ ಸಂಜೆ, ಪಕ್ಕದಲ್ಲಿ ಆ ಹೊತ್ತಿನ ತೇವಾಂಶವನ್ನೂ ಬರೀರಿ. ಮಂಗಳೂರಿನ ಜುಲೈಗಿಂತ ಕಠಿಣ ಪರೀಕ್ಷೆ ನನ್ನ ಅಂಗಡಿಯಲ್ಲಿ ಸಿಗಲ್ಲ.

ಕಡಲತಡಿ_ಬೇಸ್ (ಮಂಗಳೂರು)

ನಿನ್ನೆಯಿಂದ ಶುರು ಮಾಡಿದೆ. ಅಳೆದದ್ದು ತಂಗಿಯ ಮಗ, ಬರೆದದ್ದು ನಾನು.

ಮೊದಲ ದಿನ ಬೆಳಿಗ್ಗೆ 7, ತೇವಾಂಶ 93%: ಕ್ವಾಂಟಮ್ 0.25 ಮಿ.ಮೀ., ಮೇಪಲ್ 0.45.
ಸಂಜೆ 6, 86%: ಕ್ವಾಂಟಮ್ 0.25, ಮೇಪಲ್ 0.45.
ಎರಡನೇ ದಿನ ಬೆಳಿಗ್ಗೆ 7, ರಾತ್ರಿಯಿಡೀ ಮಳೆ, 95%: ಕ್ವಾಂಟಮ್ 0.25, ಮೇಪಲ್ 0.50.

ಕ್ವಾಂಟಮ್‌ನದ್ದು ಪ್ರತಿ ಸಲ ಒಂದೇ ಬಂದ ಕಾರಣ ಗೇಜ್ ಸರಿ ಉಂಟಾ ಅಂತ ಹುಡುಗನಿಗೆ ಸಂಶಯ. ಪಕ್ಕದ ಗ್ಯಾರೇಜಿನಿಂದ ಇನ್ನೊಂದು ತಂದು ಅಳೆದ. ಅದರಲ್ಲೂ 0.25. ಸಂಜೆಯದ್ದು ಆರು ಗಂಟೆಗೆ ಹಾಕ್ತೇನೆ.